ಇಲಾರಿಯೊನ ಹಿಂದಿನ ಚಕ್ರ

"ಇಲಾರಿಯೊ ಓಟ ಕಿತ್ತ ಸಾರ್!" ಎಂದು ನಾನು ರೇಡಿಯೊದಲ್ಲಿ ಅರಚಿದಾಗ ನನ್ನ ಅಂಗಿಯೊಳಗೆ, ಬೆನ್ನಿಗೆ ನಾಲ್ಕು, ಹೊಟ್ಟೆಗೆ ನಾಲ್ಕು, ಒಟ್ಟು ಎಂಟು ನೀರಿನ ಬಾಟಲಿಗಳಿದ್ದವು. ಹಿಂದೆ ಬರುವ ಕಾರಿನಿಂದ ತಂಡದವರಿಗೆಲ್ಲ ನೀರು ಹೊತ್ತು ತರುವುದು ನನ್ನ ಕೆಲಸ. ತುಂಬಿದ ಬಸುರಿಯಂತೆ ಏದುಸಿರು ಬಿಡುತ್ತ ನಾನು ಸವಾರರ ಗುಂಪನ್ನು ಸೇರುವಷ್ಟರಲ್ಲಿ, ಮೂರು ವಾರದ ಸೈಕಲ್ ಓಟದಲ್ಲಿ ಮೊದಲಿಗನಾಗಿ ಗುಲಾಬಿ ಅಂಗಿ ತೊಟ್ಟಿದ್ದ ಎದುರಾಳಿ ತಂಡದ ಇಲಾರಿಯೊ ಎಲ್ಲರನ್ನೂ ಬಿಟ್ಟು ಒಬ್ಬನೇ ಮುಂದೆ ಹಾರಿದ್ದ.

"ಹಿಡ್ಕೊಳೋ ಎರ್ಮೆಸ್!" ಮ್ಯಾನೇಜರ್ ಸೆವೆರಿನೊನ ದನಿ ಕಿವಿಯೊಳಗೇ ಸಿಡಿಯಿತು. "ಅವ್ನು ಅತ್ತೆ ಮನೆಗೆ ಹೋದ್ರೂ ಹಿಂದೇನೇ ಹೋಗು. ಇವತ್ತು ಅವನ ಚಕ್ರ ಬಿಟ್ಯೋ, ಬರೋ ವರ್ಷ ನಮ್ಮ ತಂಡದಲ್ಲಿ ನಿನಗೆ ಜಾಗ ಇಲ್ಲ, ತಿಳ್ಕೋ."

ಮೂವತ್ತೇಳರ ವಯಸ್ಸಿಗೆ ಬೇರೆ ಯಾವ ತಂಡವೂ ನನ್ನನ್ನು ಕರೆಯುವುದಿಲ್ಲ. ಹದಿನಾಲ್ಕು ವರ್ಷದಲ್ಲಿ ನಾನು ಗೆದ್ದದ್ದು ಒಂದೇ ಒಂದು ಸಲ, ಅದೂ ಚರ್ಚಿನ ಲಾಟರಿಯಲ್ಲಿ, ಒಂದು ಒಣಗಿಸಿದ ಹಂದಿ ತೊಡೆ. ನನಗೆ ಬರುವ ವಿದ್ಯೆ ಎದುರಾಳಿಯ ಹಿಂದಿನ ಚಕ್ರಕ್ಕೆ ಅಂಟಿಕೊಳ್ಳುವುದು. ಈ ಹದಿನಾರು ದಿನ ಇಲಾರಿಯೊನ ಬೆನ್ನು ನೋಡಿ ನೋಡಿ, ಅವನ ಎಡ ಮೀನಖಂಡದ ಮಚ್ಚೆ ನನ್ನ ಕನಸಿನಲ್ಲೂ ಬರುತ್ತಿತ್ತು. ಮುಖ ಹೇಗಿದೆ ಎಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕು.

ಎಂಟು ಬಾಟಲಿ ಸಮೇತ ಗುಂಪನ್ನು ಸೀಳಿಕೊಂಡು ನುಗ್ಗಿದೆ. ವಿಚಿತ್ರವೆಂದರೆ ಬೇರೆ ಯಾರೂ ಬೆನ್ನಟ್ಟಲಿಲ್ಲ. ಒಟ್ಟು ಲೆಕ್ಕದಲ್ಲಿ ಇಲಾರಿಯೊಗಿಂತ ಹನ್ನೆರಡೇ ಸೆಕೆಂಡು ಹಿಂದಿದ್ದ ನಮ್ಮ ನಾಯಕ ಮಾನ್ಲಿಯೊ ಕೈಬೀಸಿ ಏನೋ ಕೂಗಿದ. ಹುರಿದುಂಬಿಸುತ್ತಿದ್ದಾನೆ ಎಂದುಕೊಂಡು ಇನ್ನಷ್ಟು ತುಳಿದೆ. ಎರಡು ಏರು, ಒಂದು ಸೇತುವೆ, ಆಮೇಲೆ ಒಂದು ಹಳ್ಳಿ. ಅಲ್ಲಿ ಬೇಕರಿಯ ಮುಂದೆ ಇಲಾರಿಯೊ ಬ್ರೇಕ್ ಹಾಕಿ ಇಳಿದ. ನಾನೂ ಬ್ರೇಕ್ ಹಾಕಿ ಇಳಿದೆ. ಅಭ್ಯಾಸಬಲ.

"ನೀನ್ಯಾಕೋ ಬಂದೆ?" ಎಂದ ಅವನು.

"ನೀನ್ಯಾಕೆ ನಿಂತೆ?"

"ಇದು ನಮ್ಮೂರು ಕಣೋ! ಮಗು ಹುಟ್ಟಿ ಒಂಬತ್ತು ದಿನ ಆಯ್ತು, ಇನ್ನೂ ಮುಖ ನೋಡಿಲ್ಲ. ಎಲ್ಲರ ಹತ್ರಾನೂ ಕೇಳ್ಕೊಂಡೇ ಬಂದೆ. ನಿಮ್ಮ ಮಾನ್ಲಿಯೊನೇ ಮೊದಲು ಹೂಂ ಅಂದ. ನೀನೆಲ್ಲಿ ಸತ್ತಿದ್ದೆ?"

"ನೀರು ತರೋಕೆ ಹೋಗಿದ್ದೆ."

ದಾರಿಯಲ್ಲಿ ಸ್ವಂತ ಊರು ಸಿಕ್ಕಿದವನು ಎಲ್ಲರ ಒಪ್ಪಿಗೆ ಕೇಳಿ ಮುಂದೆ ಹೋಗಿ ಮನೆಯವರಿಗೆ ಮುತ್ತಿಟ್ಟು ಬರುವುದು, ಅಷ್ಟು ಹೊತ್ತು ಉಳಿದವರು ನಿಧಾನವಾಗಿ ತುಳಿಯುವುದು ನಮ್ಮಲ್ಲಿ ಅಜ್ಜಂದಿರ ಕಾಲದ ರೂಢಿ. ಅಂಥವನನ್ನು ಪ್ರಾಣ ಬಿಟ್ಟು ಬೆನ್ನಟ್ಟಿದ ಮೊದಲ ಮಹಾನುಭಾವ ಬಹುಶಃ ನಾನೇ.

"ಯಾರೋ ಇವ್ನು?" ಎಂದರು ಬೇಕರಿ ಬಾಗಿಲಲ್ಲಿ ಸೊಸೆಯ ಜೊತೆ ಕಾದಿದ್ದ ಇಲಾರಿಯೊನ ತಾಯಿ.

"ನನ್ನ ನೆರಳು ಕಣಮ್ಮ."

ಅವರು ನನ್ನ ಬೆವರಿದ ಎರಡೂ ಕೆನ್ನೆಗೆ ಮುತ್ತಿಟ್ಟು, "ಹೊಟ್ಟೆ ಯಾಕೆ ಮಗಾ ಹೀಗೆ ಉಬ್ಕೊಂಡಿದೆ?" ಎನ್ನುತ್ತಲೇ ಜಾಮು ತುಂಬಿದ ಕ್ರೊಸ್ತಾತದ ದೊಡ್ಡ ತುಂಡೊಂದನ್ನು ನನ್ನ ಬಾಯಿಗೆ ತುರುಕಿದರು. ಹೆಂಡತಿ ನೀವೆಸ್ ಮಗುವನ್ನು ಚಾಚಿದಾಗ ಇಲಾರಿಯೊ ತನ್ನ ಕೊಳಕು ಕೈ ನೋಡಿಕೊಂಡು ಹಿಂಜರಿದ. ನಾನು ಅಂಗಿಯಿಂದ ಒಂದು ಬಾಟಲಿ ಎಳೆದು ಅವನ ಕೈಮೇಲೆ ನೀರು ಸುರಿದೆ. ಅವನು ಒಂದೊಂದೇ ಬೆರಳನ್ನು ಉಜ್ಜಿ ತೊಳೆದ. ಆಗಲೇ ಅವನ ಮುಖವನ್ನು ನಾನು ಸರಿಯಾಗಿ ನೋಡಿದ್ದು.

"ಎರ್ಮೆಸ್," ಕಿವಿಯಲ್ಲಿ ಸೆವೆರಿನೊ. "ಈ ಬೆಟ್ಟದಲ್ಲಿ ಕಾರಿನ ಟಿ.ವಿ. ಸತ್ತು ಕೂತಿದೆ. ಅವ್ನು ಸೈಕಲ್ ಇಳಿದು ನಿಂತಿದಾನಂತೆ, ಯಾರೋ ಅಂದ್ರು. ನಿಜಾನಾ? ಹೂಂ ಅಂತ ಒಂದು ಮಾತು ಹೇಳು, ಮಾನ್ಲಿಯೊನ ಈಗ್ಲೇ ನುಗ್ಗಿಸ್ತೀನಿ. ರೂಢಿ ಗೀಢಿ ಆಮೇಲೆ ನೋಡ್ಕೊಳ್ಳೋಣ."

ಹೂಂ ಎಂದರೆ ಗುಲಾಬಿ ಅಂಗಿ ನಮ್ಮದು, ಬರುವ ವರ್ಷದ ಜಾಗ ನನ್ನದು. ಇಲಾರಿಯೊ ಮಗಳ ಹಣೆಗೆ ಮೂಗು ತಾಗಿಸಿ ಕಣ್ಣು ಮುಚ್ಚಿ ನಿಂತಿದ್ದ. ನನಗೆ ನಿಜಕ್ಕೂ ಭಯವಾಯಿತು. ಕಣ್ಣೆದುರು ಯಾರದಾದರೂ ಬೆನ್ನಿಲ್ಲದೆ ನಾನು ಯಾವತ್ತೂ ಯಾವ ಕಡೆಗೂ ಹೊರಟವನಲ್ಲ.

"ಸುಳ್ಳು ಸಾರ್," ಎಂದೆ ಬಾಯಿತುಂಬ ಕ್ರೊಸ್ತಾತ ಇಟ್ಟುಕೊಂಡು. "ಭಾರಿ ಜೋರಾಗಿ ತುಳೀತಿದಾನೆ. ನಾನು ಹಿಂದೇನೇ ಇದೀನಿ."

ಗುಂಪು ನಗುತ್ತ, ನಿಧಾನವಾಗಿ ಬಂತು. "ನಾಮಕರಣಕ್ಕೂ ಉಳ್ಕೋತೀಯೇನೋ ಎರ್ಮೆಸ್?" ಎಂದು ಮಾನ್ಲಿಯೊ ಕೂಗಿದ. ಇಲಾರಿಯೊ ಸೈಕಲ್ ಹತ್ತಿದ. ಅವನ ಬೆನ್ನಿಗೆ ಕೈಕೊಟ್ಟು ದೂಡಿ ಕಳಿಸಲು ತಾಯಿಗೂ ಆಸೆ, ಹೆಂಡತಿಗೂ ಆಸೆ. "ಒಂಚೂರು ಹಿಡ್ಕೊಳಣ್ಣ," ಎಂದು ನೀವೆಸ್ ಮಗುವನ್ನು ನನ್ನ ಕೈಗಿಟ್ಟಳು. ಇಬ್ಬರೂ ಸೇರಿ ಎಷ್ಟು ಚೆನ್ನಾಗಿ ದೂಡಿದರೆಂದರೆ, ಹದಿನಾರು ದಿನ ಕಣ್ಣಳತೆ ಮೀರದ ನನ್ನ ಎದುರಾಳಿ ಆ ಗುಂಪಿನೊಳಗೆ ಕಾಣೆಯಾದ. ಅವನ ಮಗಳನ್ನು ಎತ್ತಿಕೊಂಡು ನಾನು ಅಲ್ಲೇ ನಿಂತಿದ್ದೆ.

ಗುಂಪಿನ ಹಿಂದೆ ಕಾರುಗಳ ಸಾಲು. ಮೂರನೆಯದರ ಕಿಟಕಿಯಿಂದ ಚಾಚಿದ್ದ ಸೆವೆರಿನೊನ ಮುಖ ನನ್ನನ್ನು, ನನ್ನ ಕೈಯ ಕೂಸನ್ನು, ಗೋಡೆಗೊರಗಿದ ಸೈಕಲ್ಲನ್ನು ನೋಡುತ್ತಲೇ ಮುಂದೆ ಸಾಗಿತು. ಹಿಂದಿನ ಕಾರುಗಳು ಹಾರನ್ ಹೊಡೆಯುತ್ತಿದ್ದುದರಿಂದ ಅವನು ನಿಲ್ಲುವಂತಿರಲಿಲ್ಲ.

"ಎರ್ಮೆಸ್," ಕಿವಿಯಲ್ಲಿ ದನಿ ಬಂತು, ಮೊದಲು ಮೆಲ್ಲಗೆ. "ಬರೋ ವರ್ಷ ನೀನು..."

ಅಷ್ಟರಲ್ಲಿ ಕೂಸು ನನ್ನ ಕೊರಳ ಬಳಿ ನೇತಾಡುತ್ತಿದ್ದ ತಂತಿಯನ್ನು ಹಿಡಿದು ಜಗ್ಗಿತು. ರೇಡಿಯೊದ ಇಯರ್‌ಫೋನು ಕಿವಿಯಿಂದ ಕಳಚಿ ಅದರ ಅಂಗೈಗೆ ಬಿತ್ತು. ನನ್ನ ಇಡೀ ಬರುವ ವರ್ಷ ಆ ಒಂಬತ್ತು ದಿನದ ಮುಷ್ಟಿಯೊಳಗೆ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿತ್ತು.