ಅತ್ತೆಯ ಸುತ್ತ ಹದಿನೆಂಟು ಮಿಲಿಮೀಟರ್

ಗಾಜಿನ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ ಸಂಶೋಧಕಿ ಹಾಗೇ ನಿಂತುಬಿಟ್ಟಳು. ತಟ್ಟೆಯ ತುಂಬ ಹಾಲಿನ ಕೆನೆಯಂತೆ ಬ್ಯಾಕ್ಟೀರಿಯಾ ಹಬ್ಬಿತ್ತು. ಯಾವ ಔಷಧಿಗೂ ಜಗ್ಗದ ತಳಿ ಅದು. ಆದರೆ ನಡುವೆ, ಸಮುದ್ರದ ಸ್ಪಂಜಿನ ಸಾರ ಹೀರಿದ್ದ ಪುಟ್ಟ ಕಾಗದದ ಬಿಲ್ಲೆಯ ಸುತ್ತ, ತಿಳಿನೀರಿನಂಥ ಒಂದು ಬಳೆ. ಅಷ್ಟು ಜಾಗದಲ್ಲಿ ಏನೂ ಬೆಳೆದಿರಲಿಲ್ಲ. ಮೂರು ವರ್ಷ, ಇನ್ನೂರು ಸ್ಪಂಜು ಕೈಕೊಟ್ಟ ಮೇಲೆ ಕಂಡ ಮೊದಲ ಬಳೆ.

ತಟ್ಟೆಯ ತಳದಲ್ಲಿ ‘ಅತ್ತೆ’ ಎಂದಿತ್ತು. ಸ್ಪಂಜು ಕಿತ್ತು ತರುವ ಮುಳುಗುಗಾರ, ನಂಬರು ತಲೆಯಲ್ಲಿ ನಿಲ್ಲುವುದಿಲ್ಲವೆಂದು, ಎಲ್ಲಕ್ಕೂ ನೆಂಟರ ಹೆಸರು ಬರೆದುಕೊಡುತ್ತಿದ್ದ.

“ಇದಕ್ಕೆ ಯಾಕೆ ಈ ಹೆಸರು?” ಎಂದು ಬಾಗಿಲಲ್ಲಿ ನಿಂತಿದ್ದ ಅವನನ್ನು ಕೇಳಿದಳು.

ಅವನು ತಲೆ ಕೆರೆದುಕೊಂಡ. “ನಮ್ಮಪ್ಪನ ಅಕ್ಕ, ಮೇಡಂ. ಈ ಸ್ಪಂಜು ಬಂಡೆ ಮೇಲೆ ಒಂದಿಂಚೂ ಅಲ್ಲಾಡದೆ ಕೂತಿತ್ತು. ಪಕ್ಕದಲ್ಲಿ ಒಂದು ಚಿಪ್ಪನ್ನೂ ಅಂಟೋಕೆ ಬಿಟ್ಟಿರಲಿಲ್ಲ. ನೋಡಿದ ತಕ್ಷಣ ಅತ್ತೇನೇ ನೆನಪಾದ್ರು.”

ಸಂಶೋಧಕಿ ಬಳೆಗೆ ಸ್ಕೇಲಿಟ್ಟು ಅಳೆದಳು. ಹದಿನೆಂಟು ಮಿಲಿಮೀಟರ್. ಮತ್ತೆ ಅಳೆಯಹೋದರೆ ನಗುವಿಗೆ ಸ್ಕೇಲೇ ನಿಲ್ಲಲಿಲ್ಲ. “ಅವರಿಗೆ ಫೋನ್ ಮಾಡಿ,” ಎಂದಳು.

ಮುಳುಗುಗಾರ ಸ್ಪೀಕರ್ ಹಾಕಿ, ತಡವರಿಸುತ್ತ ಎಲ್ಲವನ್ನೂ ಒಪ್ಪಿಸಿದ: ಬಂಡೆ, ಹೆಸರು, ಹತ್ತಿರ ಸುಳಿಯದ ರೋಗಾಣು. ಅವನು ಬೈಗುಳಕ್ಕೆ ಸಿದ್ಧನಾಗಿ ಕಣ್ಣು ಮುಚ್ಚಿಕೊಂಡ.

“ಐವತ್ತು ವರ್ಷದಿಂದ ಬಡ್ಕೋತಿದ್ದೀನಿ,” ಎಂದರು ಅತ್ತೆ, “ಕಂಡಕಂಡೋರನ್ನೆಲ್ಲ ಹತ್ರ ಬಿಟ್ಕೋಬಾರದು ಅಂತ. ಸದ್ಯ, ಓದಿದೋರಿಗಾದ್ರೂ ಅರ್ಥ ಆಯ್ತಲ್ಲ.”