ಠಣ್ ಎಂದ ಮೂಟೆ

ಮೂಟೆ ಕಂಡರೆ ಒಮ್ಮೆ ತಟ್ಟಿ ನೋಡದೆ ಮುಂದೆ ಹೋಗುವ ಜಾಯಮಾನ ರೈಸ್‌ಮಿಲ್ ಉಜ್ಜಪ್ಪನದಲ್ಲ. ಇಂಜಿನ್ ಪಕ್ಕದಲ್ಲಿದ್ದ ಮೂಟೆಯನ್ನೂ ತಟ್ಟಿದ. ಕೈಯುಂಗುರ ತಾಗಿ ಠಣ್ ಎಂದಿತು. ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಎಲ್ಲಾದರೂ ಠಣ್ ಎನ್ನುತ್ತದೆಯೇ? ಚೀಲದ ಬಾಯಿ ಬಿಚ್ಚಿ ಕೆಳಗೆಳೆದರೆ ಒಳಗೆ ಅಡುಗೆಮನೆಯ ಕೆಂಪು ಸಿಲಿಂಡರ್ ಕೂತಿತ್ತು. ಅದರ ರಬ್ಬರ್ ಪೈಪು ಹಿಂದಿನಿಂದ ಹೋಗಿ ಇಂಜಿನ್ನಿಗೆ ಸೇರಿತ್ತು.

“ಏನ್ರೀ ಅಶ್ವಿನಿ, ಬೆಂಡಿನ ಹೊಗೆಯಿಂದ ಗ್ಯಾಸ್ ತೆಗೆದು ಇಂಜಿನ್ ಓಡಿಸ್ತೀನಿ ಅಂದ್ರಲ್ಲ, ಇದು ಯಾವ ಹೊಲದ ಬೆಂಡು?”

ಶಿಕಾರಿಪುರದ ಹೊರಗಿನ ಈ ತಗಡಿನ ಶೆಡ್ಡಿನಲ್ಲಿ ಮೂರು ವರ್ಷ ಹೊಗೆ ಕುಡಿದು ಅಶ್ವಿನಿ ಕಟ್ಟಿದ ಯಂತ್ರವದು. ಅದೆಲ್ಲ ಕಣ್ಕಟ್ಟು ಎಂದು ಸೊರಬದವರೆಗೂ ಸಾರಿಕೊಂಡು ಬಂದವನು ಇದೇ ಉಜ್ಜಪ್ಪ. ಅವನ ಜೊತೆ ಜಗಳಕ್ಕೆ ನಿಂತು ಅವಳ ಪರ ಮಾತಾಡಿದ್ದು ಅಣ್ಣ ಸಂಗಮೇಶ್ ಒಬ್ಬನೇ. ಇವತ್ತು ಉಜ್ಜಪ್ಪ ತಲೆದೂಗಿದರೆ ಸಾಕಿತ್ತು, ಇಂಜಿನ್ ಬಲ್ಲವನೆಂದು ಅವನನ್ನೇ ಜೊತೆಗೆ ಕರೆದುಕೊಂಡು, ಬಂಡವಾಳ ಹಾಕಲು ಹುಬ್ಬಳ್ಳಿಯ ರಾಜಕುಮಾರ್ ತಯಾರಾಗಿ ಬಂದಿದ್ದರು. ಇಂಜಿನ್ ಅವರು ಬಂದಾಗಿನಿಂದ ಒಂದೇ ಸಮನೆ ಓಡುತ್ತಿತ್ತು. ರಾಜಕುಮಾರ್ ಮುಖ ಅರಳಿಯೂ ಇತ್ತು.

ಅವಳು ಅಣ್ಣನ ಕಡೆ ತಿರುಗಿದಳು. ಸಂಗಮೇಶ್ ತನ್ನ ಚಪ್ಪಲಿ ನೋಡುತ್ತಾ ನಿಂತಿದ್ದ. ಕೇಳುವುದೇನೂ ಉಳಿಯಲಿಲ್ಲ. ಆದರೂ ಕೇಳಿದಳು.

“ಸಿಲಿಂಡರ್ ಎಷ್ಟು ತಿರುವಿದ್ದೆ?”

“ಒಂಚೂರು ಕಣೇ. ಇವರ ಮುಂದೆ ಇಂಜಿನ್ ನಿಂತು ಗಿಂತು ಬಿಟ್ರೆ ಅಂತ... ಹೆಣ್ಣು ನೋಡಾಕೆ ಬಂದಾಗ ಪಕ್ಕದ ಮನೆ ಸರ ಇಸ್ಕೊಂಡು ಹಾಕಲ್ವಾ? ಹಂಗೆ.”

“ಸರ ಸಿಕ್ಕಿಬಿತ್ತಲ್ಲ! ಇನ್ನು ಹೆಣ್ಣನ್ನ ಯಾರು ನೋಡ್ತಾರೆ?”

ಮೈಯೆಲ್ಲ ಉರಿಯುತ್ತಿದ್ದರೂ ದನಿ ತಗ್ಗಿಸಿ ರಾಜಕುಮಾರ್ ಹತ್ತಿರ ಹೋದಳು. “ಸರ್, ನಂಗೆ ಗೊತ್ತಿರಲಿಲ್ಲ. ಈಗ್ಲೇ ಕಿತ್ತು ಹಾಕ್ತೀನಿ, ನಿಮ್ಮ ಎದುರಿಗೇ. ಸ್ವಲ್ಪ ಹೊತ್ತು ನಿಂತು ನೋಡ್ರಿ.”

“ಇದನ್ನ ಕೀಳ್ತೀರಿ. ಇನ್ನೊಂದು ಎಲ್ಲಿ ಇಟ್ಟೀರಿ ಅಂತ ಎಷ್ಟು ಮೂಟಿ ಬಿಚ್ಚೋಣರೀ?” ಎಂದು ಅವರು ಕಾರಿನತ್ತ ನಡೆದರು. ಅವರು ಬೈದಿದ್ದರೆ ಎದುರು ಮಾತಾಡಬಹುದಿತ್ತು. ಉಜ್ಜಪ್ಪ ಚೀಲವನ್ನು ಮತ್ತೆ ಸಿಲಿಂಡರಿಗೆ ಮುಚ್ಚಿ, ಕೈ ಕೊಡವಿಕೊಂಡು ಹಿಂದೆಯೇ ಹೋದ. ಸಂಜೆಯೊಳಗೆ ಈ ಸುದ್ದಿ ಎಲ್ಲಾ ಅಂಗಡಿ ಜಗುಲಿ ಹತ್ತುತ್ತದೆಂದು ಅವಳಿಗೆ ಗೊತ್ತಿತ್ತು.

ಕಾರಿನ ಧೂಳು ಇಳಿಯುವ ಮುಂಚೆಯೇ ಅವಳು ಸಿಲಿಂಡರನ್ನು ಬಿಗಿಯಾಗಿ ಬಂದ್ ಮಾಡಿ, ಪೈಪನ್ನು ಎರಡೂ ಕಡೆ ಕಿತ್ತು, ಇಂಜಿನ್ ಕಡೆಯ ತೂತಿಗೆ ಬಿರಡೆ ಜಡಿದಳು. ಕಿತ್ತ ಪೈಪನ್ನು ಅಣ್ಣನ ಕಾಲ ಬುಡಕ್ಕೆ ಎಸೆದಳು.

“ಉಜ್ಜಪ್ಪ ನನ್ನ ಮಾನ ಕಳೀಬೇಕು ಅಂತಲೇ ಬಂದಿದ್ದ, ಅವನ ಕೈಲಿ ಆಗಿರಲಿಲ್ಲ. ನೀನು ಕಳೆದೆ!”

“ಬೈಯೇ, ಬೈ. ನಿನ್ನ ಮರ್ಯಾದೆ ಉಳೀಲಿ ಅಂತ ಮಾಡಿದ್ದು...” ಎನ್ನುತ್ತಿದ್ದ ಸಂಗಮೇಶ್ ಅರ್ಧಕ್ಕೇ ನಿಲ್ಲಿಸಿ ಕೈ ಎತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದ. ಇಂಜಿನ್ ಕಡೆ ಕಿವಿಗೊಟ್ಟು ನಿಂತ. ಈಗ ನಿಲ್ಲುತ್ತದೆ, ಇನ್ನೊಂದು ಚಣಕ್ಕೆ ನಿಲ್ಲುತ್ತದೆ ಎಂದು ಕಾಯುವವನಂತೆ ನಿಂತ. ಅದು ನಿಲ್ಲಲಿಲ್ಲ. ಸದ್ದೂ ಬದಲಾಗಲಿಲ್ಲ. ಅವನು ಕಾಲ ಬುಡದ ಪೈಪು ನೋಡಿದ, ಇಂಜಿನ್ ನೋಡಿದ. ನೋಡನೋಡುತ್ತ ಮುಖವೆಲ್ಲ ಬೆಳಗಿತು.

“ಅಯ್ಯ ಇದರ! ಇದು ನಿಜವಾಗ್ಲೂ ಓಡ್ತೈತಲ್ಲೇ!”