ಆಸ್ಪತ್ರೆಗೆ ನುಗ್ಗಿದ ದಂಡು

ಕುಟುಂಬ ಯೋಜನೆ ಆಸ್ಪತ್ರೆಯ ನರ್ಸ್ ಶಾಂತವ್ವ ಮರುದಿನ ಮಂತ್ರಿಗಳ ಮುಂದೆ ನಿಂತು, ತನ್ನಂಥವರಿಗೆ ರಕ್ಷಣೆ ಕೊಡುವ ಕಾನೂನು ಕೇಳುವವಳಿದ್ದಳು. ಅವಳನ್ನು ತಡೆಯಲು, ಗಂಡಸರು ಈ ಆಸ್ಪತ್ರೆಯ ಮೆಟ್ಟಿಲೇ ಹತ್ತಕೂಡದೆನ್ನುವ ಗದಿಗೆಪ್ಪನ ದಂಡು ನುಗ್ಗಿತು. ಅವನ ಮೀಸೆ ಕಂಡರೆ ಸುತ್ತಲಿನ ತಾಲೂಕುಗಳ ಗೂಳಿಗಳೆಲ್ಲ ದಾರಿ ಬಿಡುತ್ತಿದ್ದವು. ಅವನು ಬಡಿಗೆ ಬೀಸಿದ ರಭಸಕ್ಕೆ ಕಿಟಕಿಯ ಗಾಜು ಪಕ್ಕದ ಜಿಲ್ಲೆಯಲ್ಲಿ ಹೋಗಿ ಬಿತ್ತು. ಅದೇ ಏಟಿಗೆ ಹಾರಿದ ಕಾಂಪೌಂಡರನ ಹಲ್ಲುಗಳು ಇನ್ನೂ ನೆಲ ಮುಟ್ಟಿಲ್ಲ. ಶಾಂತವ್ವನ ಹಣೆಯೊಡೆದು ರಕ್ತ ಹೊಳೆಯಾಗಿ ಹರಿಯಿತು.

"ನಾಳಿಗಿ ಮಂತ್ರಿ ಕಡಿ ಹೊಕ್ಕೀಯೇನಬೇ?" ಗದಿಗೆಪ್ಪ ಗುಡುಗಿದ.

"ಹೊಕ್ಕೀನಿ."

"ಇಲ್ಲಿಗಿ ಯಾವ್ಯಾವ ಗಂಡಸರು ಬರ್ತಾರ, ಹೆಸರು ಹೇಳು. ಅವರ ಕಾಲು ಮುರೀತೀನಿ."

ಶಾಂತವ್ವ ಅವನನ್ನೇ ದಿಟ್ಟಿಸಿದಳು. "ಬಂದವರ ಹೆಸರು ನಾ ಹೇಳಂಗಿಲ್ಲಪಾ. ಕೊಲ್ಲೂದಿದ್ರ ಕೊಲ್ಲು."

ಗದಿಗೆಪ್ಪ ಅಂಗಳದ ಗುಂಡುಕಲ್ಲು ತೋರಿಸಿದ. "ಅದನ್ನೆತ್ತಿ ಈಕಿ ತಲಿ ಮ್ಯಾಲ ಹಾಕ್ರಲೇ."

ಬೆಟ್ಟ ಹೊರುವಂಥ ಆಳುಗಳು ನೆಲ ನೋಡುತ್ತ ನಿಂತರು. ಒಬ್ಬನೂ ಬಗ್ಗಲಿಲ್ಲ.

"ಯಾಕ್ರಲೇ?"

"ನಾವೆಲ್ಲಾ ಮೊನ್ನಿ ಇಲ್ಲೇ ಆಪರೇಷನ್ ಮಾಡಿಸ್ಕೊಂಡೇವಿ ಅಣ್ಣಾ," ಅಂದ ಒಬ್ಬ. "ವಾರದ ಮಟ ಭಾರ ಎತ್ತಬ್ಯಾಡ್ರಿ ಅಂದಾರ ಸಿಸ್ಟರ್. ನೀನ ಎತ್ತಿಬಿಡು."

ಗದಿಗೆಪ್ಪ ಬಡಿಗೆಯನ್ನು ಗೋಡೆಗೆ ಆನಿಸಿ, ಸೊಂಟ ಹಿಡಿದುಕೊಂಡು ಮೆಲ್ಲಗೆ ಬೆಂಚಿನ ಮೇಲೆ ಕುಳಿತ.

"ನಂದು ಇನ್ನೂ ಹೊಲಿಗಿನೇ ಬಿಚ್ಚಿಲ್ಲೋ."